ಕೋಟೆಯಿಲ್ಲದ ಫೋರ್ಟ್‌ನಲ್ಲಿ ಒಂದು ಬೆಳಗು

ಮುಂಬೈಗೆ ಹೋದವರಲ್ಲಿ ಹೆಚ್ಚಿನವರು ಟ್ಯಾಕ್ಸಿ ಹಿಡಿದು ಗೇಟ್‌ವೇ, ಮರೀನ್ ಡ್ರೈವ್, ಹಾಜಿ ಅಲಿ ಎಂದು ಒಂದೇ ದಿನದಲ್ಲಿ ಊರು ಮುಗಿಸುತ್ತಾರೆ. ನೋಡಿದ್ದು ಬಹುಪಾಲು ಮುಂದಿನ ವಾಹನದ ಬೆನ್ನು. ಹಳೆಯ ಮುಂಬೈ ಬೇಕಿದ್ದರೆ ಫೋರ್ಟ್ ಪ್ರದೇಶ ಒಂದನ್ನೇ ಹಿಡಿದು ನಡೆಯಿರಿ. ಹೆಸರಿಗಷ್ಟೇ ಫೋರ್ಟ್, ಕೋಟೆಯ ಗೋಡೆಗಳನ್ನು 1860ರ ದಶಕದಲ್ಲೇ ಕೆಡವಿದರು. ಆಮೇಲೆ ಎದ್ದ ಕಟ್ಟಡಗಳೇ ಇಂದಿನ ಆಕರ್ಷಣೆ. ಸುತ್ತುಬಳಸು ಎಲ್ಲ ಸೇರಿ ನಾಲ್ಕೈದು ಕಿಲೋಮೀಟರ್ ಆದೀತು.

ಯಾವಾಗ ಹೊರಡಬೇಕು?

ಭಾನುವಾರ ಬೆಳಿಗ್ಗೆ ಏಳಕ್ಕೆ. ಕಚೇರಿಗಳು ಮುಚ್ಚಿರುವುದರಿಂದ ರಸ್ತೆಗಳು ಖಾಲಿ, ತಲೆ ಎತ್ತಿ ನೋಡುತ್ತ ನಿಂತರೆ ಯಾರೂ ತಳ್ಳುವುದಿಲ್ಲ. ಆದರೆ ಇದರಲ್ಲಿ ಎರಡು ತೊಡಕುಗಳಿವೆ. ಕಚೇರಿ ನೌಕರರನ್ನೇ ನಂಬಿದ ಅನೇಕ ಹೋಟೆಲುಗಳಿಗೆ ಅಂದು ರಜೆ. ಜತೆಗೆ ಹಳಿ ದುರಸ್ತಿಗಾಗಿ ಕೆಲವು ಮಾರ್ಗಗಳಲ್ಲಿ ಲೋಕಲ್ ರೈಲುಗಳನ್ನು ಕೆಲ ಗಂಟೆ ನಿಲ್ಲಿಸುವ ‘ಮೆಗಾ ಬ್ಲಾಕ್’ ಇರುತ್ತದೆ. ಹಿಂದಿರುಗುವ ಮಾರ್ಗದಲ್ಲಿ ರೈಲು ಇದೆಯೇ ಎಂದು ಹಿಂದಿನ ದಿನವೇ ನೋಡಿಕೊಳ್ಳಿ. ಮಳೆಗಾಲದಲ್ಲಿ ಮಾತ್ರ ಈ ಸಾಹಸ ಬೇಡ.

ಶುರು ಮಾಡುವುದು ಸಿಎಸ್‌ಎಂಟಿಯಿಂದ

ಸಿಎಸ್‌ಎಂಟಿ ಎಂದರೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ರೈಲು ನಿಲ್ದಾಣ. ಅಲ್ಲಿಂದ ಹೊರಬಿದ್ದವರೇ ನಡೆದುಬಿಡಬೇಡಿ. ರಸ್ತೆ ದಾಟಿ, ಮಹಾನಗರಪಾಲಿಕೆ ಕಟ್ಟಡದ ಕಡೆ ನಿಂತು ಹಿಂದಿರುಗಿ ನೋಡಿ. ಎಫ್.ಡಬ್ಲ್ಯು. ಸ್ಟೀವನ್ಸ್ ವಿನ್ಯಾಸದ ಈ ನಿಲ್ದಾಣದ ಕೆಲಸ 1878ರಲ್ಲಿ ಶುರುವಾಗಿ ಸುಮಾರು ಹತ್ತು ವರ್ಷ ನಡೆಯಿತು. 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಗೇಟಿನ ಕಂಬಗಳ ಮೇಲೆ ಒಂದೆಡೆ ಬ್ರಿಟನ್ನಿನ ಸಿಂಹ, ಇನ್ನೊಂದೆಡೆ ಭಾರತದ ಹುಲಿ. ಗೋಡೆಯಲ್ಲಿ ಪ್ರಾಣಿ, ಪಕ್ಷಿ, ಎಲೆ, ಬಳ್ಳಿಗಳನ್ನು ಹುಡುಕಿ; ಮಕ್ಕಳು ಜತೆಗಿದ್ದರೆ ಇಲ್ಲೇ ಅರ್ಧ ಗಂಟೆ ಕಳೆಯುತ್ತದೆ. ಲೋಕಲ್ ಟಿಕೆಟ್ ಕೊಡುವ ಹಳೆಯ ಹಜಾರಕ್ಕೂ ಒಮ್ಮೆ ಹೊಕ್ಕು ಚಾವಣಿಯ ನಕ್ಷತ್ರಗಳನ್ನು ನೋಡಿ. ದಿನವೂ ಅಲ್ಲಿ ಸಾಲುಗಟ್ಟಿ ನಿಲ್ಲುವವರು ನೋಡುವುದು ಕಡಿಮೆ.

ಅಲ್ಲಿಂದ ಡಿ.ಎನ್. (ದಾದಾಭಾಯಿ ನವರೋಜಿ) ರಸ್ತೆ. ಕಮಾನುಗಳ ಪಡಸಾಲೆಯ ಕೆಳಗೇ ನಡೆಯಬಹುದು, ಬಿಸಿಲು ತಾಗದು. 1864ರ ಫ್ಲೋರಾ ಫೌಂಟನ್ ಬಳಿ ಎಡಕ್ಕೆ ಹೊರಳಿದರೆ 1718ರ ಸೇಂಟ್ ಥಾಮಸ್ ಕೆಥೆಡ್ರಲ್. ಕೋಟೆಗೋಡೆಯಲ್ಲಿ ಈ ಚರ್ಚಿಗೆ ಬರುವ ಬಾಗಿಲಿತ್ತು, ಅದೇ ‘ಚರ್ಚ್‌ಗೇಟ್’. ಬಾಗಿಲು ಹೋಗಿ ಹೆಸರು ರೈಲು ನಿಲ್ದಾಣಕ್ಕೆ ಉಳಿಯಿತು. ಮುಂದೆ ಹಾರ್ನಿಮನ್ ಸರ್ಕಲ್ ದಾಟಿ, ಏಷಿಯಾಟಿಕ್ ಸೊಸೈಟಿ ಇರುವ 1833ರ ಟೌನ್‌ಹಾಲ್‌ನ ಮೆಟ್ಟಿಲ ಮೇಲೆ ಕೂತು ಸ್ವಲ್ಪ ದಣಿವಾರಿಸಿಕೊಳ್ಳಿ.

ಓವಲ್ ಮೈದಾನ: ಇಲ್ಲಿ ಅವಸರ ಬೇಡ

ಬಂದ ದಾರಿಯಲ್ಲೇ ಹಿಂದಿರುಗಿ, ಫ್ಲೋರಾ ಫೌಂಟನ್ ದಾಟಿ ಓವಲ್‌ಗೆ ಬನ್ನಿ. ಹುಡುಗರ ಕ್ರಿಕೆಟ್ ಚೆಂಡು ತಪ್ಪಿಸಿಕೊಂಡು ಪಶ್ಚಿಮದ ಅಂಚಿಗೆ ಹೋಗಿ ಪೂರ್ವಕ್ಕೆ ಮುಖ ಮಾಡಿ ನಿಲ್ಲಿ. ಎದುರಿಗೆ ಹೈಕೋರ್ಟ್, ವಿಶ್ವವಿದ್ಯಾಲಯ, 280 ಅಡಿಯ ರಾಜಾಬಾಯಿ ಗಡಿಯಾರ ಗೋಪುರ. ಗೋಪುರಕ್ಕೆ ಹಣ ಕೊಟ್ಟ ವ್ಯಾಪಾರಿ ಪ್ರೇಮಚಂದ್ ರಾಯಚಂದ್ ತಾಯಿಯ ಹೆಸರಿಟ್ಟರು. ನಕ್ಷೆ ಬರೆದ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಲಂಡನ್ನಿನಲ್ಲಿ ಕೂತೇ ಬರೆದರು.

ಇಷ್ಟನ್ನು ಯಾವ ಗೈಡ್ ಆದರೂ ಹೇಳಿಯಾನು. ಕನ್ನಡಿಗರಿಗೆ ಇಲ್ಲಿ ಬೇರೆಯೇ ಒಂದು ನಂಟಿದೆ. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟುವವರೆಗೆ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರ ಪದವಿ ಈ ವಿಶ್ವವಿದ್ಯಾಲಯದ್ದು. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡದವರಿಗೆ 1956ರ ತನಕ ರಾಜಧಾನಿಯೂ ಮುಂಬೈಯೇ, ಹೈಕೋರ್ಟೂ ಇದೇ. ಹೊಲದ ಬದುವಿನ ವ್ಯಾಜ್ಯ ಹಿಡಿದು ಬಂದವರೂ ಈ ಕಲ್ಲುಕಟ್ಟಡವನ್ನು ತಲೆ ಎತ್ತಿ ನೋಡಿರಬೇಕು. 1908ರಲ್ಲಿ ತಿಲಕರಿಗೆ ಆರು ವರ್ಷದ ಶಿಕ್ಷೆಯಾದದ್ದೂ ಇಲ್ಲಿಯೇ.

ಈಗ ಹಿಂದಕ್ಕೆ ತಿರುಗಿ. ಬೆನ್ನ ಹಿಂದೆ ದುಂಡುಮೂಲೆಯ ಬಾಲ್ಕನಿಗಳ, ತಿಳಿಬಣ್ಣದ, ಆರ್ಟ್ ಡೆಕೊ ಎಂಬ ವಾಸ್ತುಶೈಲಿಯ ಮನೆಗಳು. 2018ರಲ್ಲಿ ಯುನೆಸ್ಕೊ ಎರಡೂ ಬದಿಗಳನ್ನು ಒಟ್ಟಾಗಿಯೇ ಪಟ್ಟಿಗೆ ಸೇರಿಸಿತು.

ಕಾಲಾ ಘೋಡಾ ದಾಟಿ ಗೇಟ್‌ವೇಗೆ

ಕಾಲಾ ಘೋಡಾದಲ್ಲಿ ಶಿಥಿಲವಾಗಿ ನಿಂತಿರುವ ಎರಕದ ಕಬ್ಬಿಣದ ಕಟ್ಟಡವೇ ಹಿಂದಿನ ವಾಟ್ಸನ್ಸ್ ಹೋಟೆಲ್. 1896ರ ಜುಲೈ 7ರಂದು ಲೂಮಿಯೇರ್ ಸೋದರರ ಚಲನಚಿತ್ರಗಳು ಭಾರತದಲ್ಲಿ ಮೊದಲು ತೆರೆಕಂಡದ್ದು ಅಲ್ಲಿ. ಛತ್ರಪತಿ ಶಿವಾಜಿ ವಸ್ತುಸಂಗ್ರಹಾಲಯವನ್ನು ಹೊರಗಿನಿಂದ ನೋಡಿದರೆ ಸಾಕು. ಒಳಹೊಕ್ಕರೆ ಅದಕ್ಕೇ ಅರ್ಧ ದಿನ ಬೇಕು.

ಗೇಟ್‌ವೇಯನ್ನು ಕೊನೆಗೆ ಇಡಿ. ಐದನೇ ಜಾರ್ಜ್ 1911ರಲ್ಲಿ ಬಂದಿಳಿದ ನೆನಪಿನ ಈ ಕಮಾನು ಪೂರ್ಣಗೊಂಡದ್ದು 1924ರಲ್ಲಿ. ಕಾಲು ಶತಮಾನವೂ ತುಂಬುವ ಮೊದಲು, 1948ರ ಫೆಬ್ರುವರಿ 28ರಂದು, ಬ್ರಿಟಿಷರ ಕೊನೆಯ ಸೇನಾ ತುಕಡಿ ಇದರಡಿಯಿಂದಲೇ ಹೊರಟಿತು. ಭದ್ರತಾ ತಪಾಸಣೆಯ ಸಾಲು ಉದ್ದ, ‘ಫೋಟೊ ಬೇಕೇ’ ಎಂದು ಬೆನ್ನು ಬೀಳುವವರೂ ಬಹಳ. ದರ ಕೇಳಿಕೊಂಡ ಮೇಲೆಯೇ ನಗು ಬೀರಿ.

ಎದುರಿಗೇ ಗುಹೆಗಳಿರುವ ಎಲಿಫೆಂಟಾ ದ್ವೀಪದ ದೋಣಿಗಳು ಕರೆಯುತ್ತವೆ. ಸೋತ ಕಾಲಿನಲ್ಲಿ ಅಲ್ಲಿನ ಮೆಟ್ಟಿಲುಗಳನ್ನು ಹತ್ತುವ ಆಸೆ ಬೇಡ. ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ. ಇನ್ನೊಂದು ಬೆಳಿಗ್ಗೆ ಹೋಗಿ. ಆದರೆ ಮರುದಿನವೇ ಹೊರಡಬೇಡಿ, ಸೋಮವಾರ ಗುಹೆಗಳಿಗೆ ರಜೆ.