ಹಳೇ ಕ್ವೆರಿಯ ಉತ್ತರ ಇಟ್ಟುಕೊಳ್ಳಿ, ಡೇಟಾ ಮೈನಿಂಗ್ ಬೇಗ ಮುಗಿಯುತ್ತೆ
ಕೋಲಾರದ ಒಂದು ಬೀಜ-ಗೊಬ್ಬರದ ಅಂಗಡಿಯ ಒಂದು ಲಕ್ಷ ಬಿಲ್ ನಿಮ್ಮ ಹತ್ತಿರ ಇವೆ ಅಂದುಕೊಳ್ಳಿ. ಟೊಮೆಟೊ ಬೀಜ ಒಯ್ದವರು ಮಲ್ಚಿಂಗ್ ಶೀಟ್, ಡ್ರಿಪ್ ಪೈಪ್ ಕೂಡ ಒಯ್ಯುತ್ತಾರಾ, ಯಾವ ಸಾಮಾನು ಯಾವುದರ ಜೊತೆ ಹೋಗುತ್ತೆ ಅಂತ ನೋಡಬೇಕು. ರಾಶಿ ಮಾಹಿತಿಯಿಂದ ಇಂಥದ್ದನ್ನು ಹುಡುಕಿ ತೆಗೆಯುವುದೇ ಡೇಟಾ ಮೈನಿಂಗ್. ಅಗರವಾಲ್ ಮತ್ತು ಶ್ರೀಕಾಂತ್ 1994ರಲ್ಲಿ ಕೊಟ್ಟ, ಪದೇ ಪದೇ ಜೊತೆಯಾಗಿ ಬರುವ ಗುಂಪುಗಳನ್ನು ಹುಡುಕುವ ಅಪ್ರಿಯೋರಿ ವಿಧಾನವೇ ಇದಕ್ಕೆ ಸಾಕು. ಆದರೆ ಯಾರೂ ಒಂದೇ ಕ್ವೆರಿಗೆ, ಅಂದರೆ ಒಂದೇ ಪ್ರಶ್ನೆಗೆ, ನಿಲ್ಲಿಸಲ್ಲ ಅಲ್ವಾ? ಮೊದಲು ಶೇ. 2 ಸಪೋರ್ಟ್ (ಗುಂಪು ಕನಿಷ್ಠ ಇಷ್ಟು ಬಿಲ್‌ನಲ್ಲಿ ಇರಬೇಕು ಅನ್ನುವ ಮಿತಿ), ಆಮೇಲೆ ಶೇ. 5, ಸಂಜೆ ಹೊತ್ತಿಗೆ ಶೇ. 1, ಪ್ರತಿ ಸಲವೂ ಅದೇ ಲಕ್ಷ ಬಿಲ್ ಮೊದಲಿಂದ ಓದಿಸುವುದು.

ಹಾಗಾಗಿ ಮೊದಲ ಸಲವೇ ಉತ್ತರವನ್ನು ಒಂದು ಟೇಬಲ್‌ಗೆ ಹಾಕಿ. ಯಾವ ಸಾಮಾನುಗಳ ಗುಂಪು, ಎಷ್ಟು ಬಿಲ್‌ನಲ್ಲಿ ಬಂತು, ಮಿತಿ ಎಷ್ಟಿತ್ತು, ಯಾವ ತಾರೀಖಿನವರೆಗಿನ ಬಿಲ್, ಒಟ್ಟು ಎಷ್ಟು. ಬರೀ ಶೇಕಡಾ ಬರೆದಿಡಬೇಡಿ, ಎಣಿಕೆಯೇ ಬೇಕು. ಇದಕ್ಕೆ ಹಳೇ ಉತ್ತರ ಕೂಡಿಡುವ ದೊಡ್ಡ ಕ್ಯಾಶ್ (cache) ಸಾಫ್ಟ್‌ವೇರ್ ಏನೂ ಬೇಡ.

ಮಿತಿ ಏರಿಸಿದರೆ ಕೆಲಸವೇ ಇಲ್ಲ. ಶೇ. 2ರ ಪಟ್ಟಿಯಲ್ಲೇ 5,000 (ಲಕ್ಷದ ಶೇ. 5) ಮುಟ್ಟಿದ್ದನ್ನು ಆರಿಸಿ, ಮುಗೀತು. ಶೇ. 1ಕ್ಕೆ ಇಳಿಸಿದರೆ ಹಳೇ ಗುಂಪುಗಳ ಎಣಿಕೆ ಹೇಗೂ ಇದೆ, 1,000ದಿಂದ 1,999ರವರೆಗೆ ಬರಬಹುದಾದವನ್ನು ಮಾತ್ರ ಹುಡುಕಬೇಕು. ಬಿಡಿ ಸಾಮಾನೇ 1,000 ಮುಟ್ಟಿಲ್ಲ ಅಂದರೆ ಅದಿರುವ ಯಾವ ಗುಂಪೂ ಮುಟ್ಟಲ್ಲ, ಅದನ್ನು ಆಗಲೇ ಬಿಡಿ.

ನಿಜವಾದ ಲಾಭ ಹೊಸ ಬಿಲ್ ಸೇರಿದಾಗ. ಇನ್ನೂ 20,000 ಬಂದವು ಅಂದುಕೊಳ್ಳಿ. ಈಗ ಶೇ. 2 ಅಂದರೆ 2,400. ಹಳೇದರಲ್ಲಿ 2,000ಕ್ಕಿಂತ ಕಡಿಮೆ, ಹೊಸದರಲ್ಲೂ 400ಕ್ಕಿಂತ ಕಡಿಮೆ ಇರುವ ಗುಂಪು ಏನು ಮಾಡಿದರೂ 2,400 ಮುಟ್ಟಲ್ಲ. ಆದ್ದರಿಂದ ಹಳೇ ಪಟ್ಟಿಯಲ್ಲಿ ಇರುವುದಕ್ಕೆ ಹೊಸ ಬಿಲ್ ಮಾತ್ರ ಎಣಿಸಿ ಕೂಡಿಸಿ. ಹೊಸದರಲ್ಲಿ 400 ಮುಟ್ಟಿ ಹಳೇ ಪಟ್ಟಿಯಲ್ಲಿ ಇಲ್ಲದವು ಸಿಕ್ಕರೆ, ಅಷ್ಟಕ್ಕೆ ಮಾತ್ರ ಹಳೇ ಬಿಲ್ ತೆಗೆಯಿರಿ. ಅವು ಸಾಮಾನ್ಯವಾಗಿ ಕಡಿಮೆಯೇ ಇರುತ್ತವೆ. 1996ರಲ್ಲಿ ಬಂದ ಎಫ್‌ಯುಪಿ (ಫಾಸ್ಟ್ ಅಪ್‌ಡೇಟ್) ವಿಧಾನ ಅನ್ನುವುದು ಇದನ್ನೇ.

ಎಡವುವ ಜಾಗ ಒಂದಿದೆ. ಡ್ರಿಪ್ ಪೈಪ್ ಇರುವ ಗುಂಪು ಮಾತ್ರ ಕೊಡಿ ಅಂದರೆ ಹಳೇ ಪಟ್ಟಿ ಸೋಸಿದರೆ ಸಾಕು. ಮಾಲೂರಿನ ಗಿರಾಕಿಗಳ ಬಿಲ್ ಮಾತ್ರ ಅಂದರೆ ಸೋಸುವ ಹಾಗಿಲ್ಲ, ಏಕೆಂದರೆ ಬಿಲ್‌ಗಳೇ ಬದಲಾದವು, ಎಣಿಕೆ ಪೂರ್ತಿ ಬೇರೆ, ಅಲ್ಲಿ ಜಾಸ್ತಿ ಹೋಗುವ ಗುಂಪು ಒಟ್ಟು ಪಟ್ಟಿಯಲ್ಲಿ ಇಲ್ಲದೆಯೂ ಇರಬಹುದು. ಇಂಥದ್ದನ್ನು ಪದೇ ಪದೇ ಕೇಳುತ್ತಾರೆ ಅಂತಿದ್ದರೆ ತಾಲ್ಲೂಕಿಗೊಂದು ಪಟ್ಟಿ ಬೇರೆಯಾಗಿ ಇಡಿ. ವಾಪಸ್ ಬಂದ ಮಾಲಿನ ಬಿಲ್ ತಿದ್ದಿದಾಗ ಆ ಬಿಲ್‌ನಲ್ಲಿ ವಾಪಸ್ ಬಂದ ಸಾಮಾನು ಇರುವ ಗುಂಪುಗಳ ಎಣಿಕೆಯನ್ನೂ ಇಳಿಸಿ. ಐಟಂ ಕೋಡ್‌ಗಳನ್ನೇ ಬದಲಾಯಿಸಿದ್ದರೆ ಮಾತ್ರ ಟೇಬಲ್ ಅಳಿಸಿ ಮೊದಲಿಂದ ಓಡಿಸಿ.