ಪುಟ್ಟ ಮಗುವಿನ ಬರ್ತ್‌ಡೇಗೆ ಜಾಗ ನೋಡುವಾಗ

ನಾನು ಕಾರವಾರದಲ್ಲಿ ಅಂಗನವಾಡಿ ಟೀಚರ್. ಮೂರರಿಂದ ಆರು ವರ್ಷದ ಮಕ್ಕಳ ಜೊತೆಯೇ ನನ್ನ ದಿನ. "ಅಕ್ಕೋರೆ, ಪಾಪುವಿನ ಬರ್ತ್‌ಡೇ ಎಲ್ಲಿ ಮಾಡೋದು?" ಅಂತ ತಾಯಂದಿರು ಕೇಳಿದರೆ ನಾನು ಮೊದಲು ಕೇಳುವುದು ಮಗು ಮಧ್ಯಾಹ್ನ ಎಷ್ಟು ಹೊತ್ತಿಗೆ ಮಲಗಿ ಏಳುತ್ತದೆ ಅಂತ. ಜಾಗದ ಮಾತು ಆಮೇಲೆ.

ಹಾಲ್‌ನವರು ಸಂಜೆ ಏಳಕ್ಕೆ ಮಾತ್ರ ಖಾಲಿ ಇದೆ ಅಂದರೆ ಆ ಹಾಲ್ ಬೇಡ. ನೆಂಟರೆಲ್ಲ ಬಂದು ಸೇರುವಷ್ಟರಲ್ಲಿ ಮಗುವಿಗೆ ನಿದ್ದೆ, ಹಸಿವು ಎರಡೂ ಶುರು. ಕೇಕ್ ಮುಂದೆ ಅದು ಅಳುವುದು ಹಟಕ್ಕಲ್ಲ, ಸುಸ್ತಾಗಿ. ನಾಲ್ಕೂವರೆಗೆ ಶುರು ಮಾಡಿ ಆರೂವರೆಗೆ ಮುಗಿಸಿ. ಈ ವಯಸ್ಸಿಗೆ ಎರಡು ತಾಸು ಧಾರಾಳ.

ಮದುವೆ ಮಂಟಪ ಅಗ್ಗಕ್ಕೆ ಸಿಕ್ಕರೂ ತಗೊಳ್ಳಬೇಡಿ. ಅಷ್ಟು ದೊಡ್ಡ ಜಾಗದಲ್ಲಿ ಮಕ್ಕಳು ಓಡುತ್ತಲೇ ಇರುತ್ತಾರೆ, ನಾಲ್ಕು ಕಡೆ ಬಾಗಿಲು, ಯಾರು ಎಲ್ಲಿ ಹೋದರು ಅಂತ ಗೊತ್ತಾಗುವುದಿಲ್ಲ. ಒಂದೇ ಬಾಗಿಲಿನ ಸಣ್ಣ ಹಾಲ್ ಒಳ್ಳೆಯದು. ಆ ಬಾಗಿಲ ಹತ್ತಿರ ಒಬ್ಬ ದೊಡ್ಡವರನ್ನು ಕೂರಿಸಿದರೆ ಆಯ್ತು.

ನೋಡಲು ಹೋದಾಗ ಬಾಗಿಲಲ್ಲೇ ಕುಕ್ಕರಗಾಲಲ್ಲಿ ಕೂತುಬಿಡಿ. ಮಗುವಿನ ಕಣ್ಣಿನ ಎತ್ತರದಿಂದ ಒಮ್ಮೆ ಸುತ್ತ ನೋಡಿ. ಕೈಗೆ ಸಿಗುವ ಸ್ವಿಚ್ ಬೋರ್ಡ್, ಟೇಬಲ್ಲಿನ ಚೂಪು ಮೂಲೆ, ನೇತಾಡುವ ಸೌಂಡ್ ಬಾಕ್ಸ್ ವಯರ್, ಎಲ್ಲ ಆಗ ಕಾಣುತ್ತದೆ. ಮೇಲಿನ ಮಹಡಿಯಾದರೆ ಗ್ರಿಲ್ ಸಂದಿಗೆ ಅಂಗೈ ಅಡ್ಡ ಹಿಡಿದು ನೋಡಿ. ಸಂದಿ ಅದಕ್ಕಿಂತ ಅಗಲ ಇದ್ದರೆ ಬೇರೆ ಕಡೆ ಹುಡುಕಿ. ಟಾಯ್ಲೆಟ್ ಹತ್ತಿರ ಇರಬೇಕು. ಒಳಗಿನಿಂದ ಚಿಲಕ ಹಾಕಿಕೊಂಡ ಮಗುವನ್ನು ಹೊರಗೆ ತರುವುದು ಹೇಗೆ ಅಂತ ಮಾಲೀಕರನ್ನು ಕೇಳಿ.

ಬೀಚ್ ಚೆಂದ ಅಲ್ವಾ ಅನ್ನುತ್ತಾರೆ. ನಮ್ಮ ಟಾಗೋರ್ ಕಡಲತೀರದಲ್ಲಿ ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಹೆದ್ದಾರಿ 66. ಹತ್ತು ಮಕ್ಕಳನ್ನು ನಡುವೆ ಹಿಡಿದಿಡುವುದು ಆಗದ ಮಾತು. ಗಾಳಿಗೆ ಮೇಣದಬತ್ತಿ ನಿಲ್ಲುವುದಿಲ್ಲ, ಕೇಕ್ ತುಂಬ ಮರಳು. ಮಾರನೇ ದಿನ ಮಗುವನ್ನಷ್ಟೇ ಕರೆದುಕೊಂಡು ಹೋಗಿ ಅಲ್ಲೇ ಇರುವ ಹಳೆಯ ಯುದ್ಧನೌಕೆ ಮ್ಯೂಸಿಯಂ ಐಎನ್‌ಎಸ್ ಚಪಲ್ ತೋರಿಸಿ ಬನ್ನಿ.

ಶಿರಸಿ ಕಡೆ ಅಜ್ಜನ ಮನೆ ಇದ್ದರೆ ಅಂಗಳಕ್ಕಿಂತ ಒಳ್ಳೆಯ ಜಾಗ ಇಲ್ಲ ಅಂತ ನನ್ನ ನಂಬಿಕೆ. ಆದರೆ ಬಾವಿಕಟ್ಟೆ, ಗೋಬರ್ ಗ್ಯಾಸ್ ಗುಂಡಿ ಮುಚ್ಚಿವೆಯಾ ನೋಡಿ. ಅಡಿಕೆ ಬೇಯಿಸುವ ಕಾಲವಾದರೆ ಆ ದಿನ ಒಲೆ ಹಚ್ಚುವುದು ಬೇಡ ಅಂತ ಮೊದಲೇ ಹೇಳಿಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಘಟ್ಟದ ಮೇಲಾಗಲಿ ಕೆಳಗಾಗಲಿ ಶಾಮಿಯಾನ ನಂಬಬೇಡಿ. ಆಗ ಪಕ್ಕಾ ಚಾವಣಿ, ಜನರೇಟರ್, ಒದ್ದೆ ಕಾಲು ಒರೆಸಲು ಗೋಣಿಚೀಲ ಬೇಕೇ ಬೇಕು.

ಅಲಂಕಾರ ಹಾಲ್‌ನವರದೇ ಆದರೆ ಗ್ಯಾಸ್ ಬಲೂನ್ ಬೇಡ ಅನ್ನಿ. ಹೈಡ್ರೋಜನ್ ತುಂಬಿದ್ದರೆ ಮೇಣದಬತ್ತಿಯ ಕಿಡಿಗೂ ಹೊತ್ತಿಕೊಳ್ಳುತ್ತದೆ. ಒಡೆದ ಬಲೂನಿನ ಚೂರು ಬಾಯಿಗೆ ಹೋದರೆ ಗಂಟಲಲ್ಲಿ ಸಿಕ್ಕಿ ಉಸಿರೇ ಕಟ್ಟಬಹುದು. ಇಡೀ ಶೇಂಗಾ, ಇಡೀ ದ್ರಾಕ್ಷಿಯೂ ಅಷ್ಟೇ ಅಪಾಯ. ಪ್ಲೇಟಿನಲ್ಲಿ ಏನಿರುತ್ತದೆ ಅಂತ ಕೇಳಿಕೊಳ್ಳಿ.

ಎಲ್ಲ ಒಪ್ಪಿಗೆಯಾದ ಮೇಲೆ ಮಗುವನ್ನು ಅಲ್ಲಿಗೊಮ್ಮೆ ಕರೆದುಕೊಂಡು ಹೋಗಿ. ಮೈಕ್ ಹಾಕಿಸಿ ನೋಡಿ. ಬೆಚ್ಚಿ ನಿಮ್ಮ ಕಾಲು ತಬ್ಬಿಕೊಂಡರೆ ಮೈಕ್ ಬೇಡ ಅಂತ ಆಗಲೇ ಹೇಳಿ. ಅಡ್ವಾನ್ಸ್ ಆಮೇಲೆ ಕೊಟ್ಟರಾಯಿತು.