ಏಳೆಂಟು ವರ್ಷದ ಓದುಗರಿಗೆ ಕಥೆ ಬರೆಯುವಾಗ

ನಾನು ನಲಿ-ಕಲಿ (ಚಿಕ್ಕ ತರಗತಿಗಳಿಗೆ ಆಟ-ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ) ತರಗತಿಯ ಟೀಚರ್. ಸಂಜೆ ಹೊತ್ತು ಅದೇ ವಯಸ್ಸಿನ ಮಕ್ಕಳಿಗೆ ಚಿತ್ರಪುಸ್ತಕ ಬರೆಯುತ್ತೇನೆ. "ನಾನೂ ಒಂದು ಕಥೆ ಬರೆದಿದ್ದೀನಿ, ನೋಡಿ" ಎಂದು ಯಾರಾದರೂ ತಂದುಕೊಟ್ಟರೆ ಮೊದಲು ಕೊನೆಯ ಪ್ಯಾರಾ ಹೊಡೆದುಹಾಕಿಸುತ್ತೇನೆ. "ಆದ್ದರಿಂದ ಮಕ್ಕಳೇ..." ಎಂದು ಶುರುವಾಗುತ್ತದಲ್ಲ, ಅದನ್ನು.

ಜಿ. ಪಿ. ರಾಜರತ್ನಂ ಅವರ ತುತ್ತೂರಿ ಪದ್ಯ ನೆನಪಿದೆ ಅಲ್ವಾ? ಕಸ್ತೂರಿಯ ಜಂಬ ಇಳಿಯುತ್ತದೆ, ನಿಜ. ಆದರೆ ನನ್ನ ಕ್ಲಾಸಿನವರು ಕಾಯುವುದು ನೀರು ಹೊಕ್ಕ ತುತ್ತೂರಿ 'ಗಗಗಗ' ಅನ್ನುವ ಸಾಲಿಗೆ. ಜಂಬ ಪಡಬೇಡಿ ಎಂದು ಕವಿ ಎಲ್ಲೂ ಹೇಳುವುದಿಲ್ಲ. ನಿಮ್ಮ ಕಥೆಯ 'ಗಗಗಗ' ಯಾವುದು ಎಂದು ಮೊದಲು ಗೊತ್ತುಮಾಡಿಕೊಳ್ಳಿ. ಉಳಿದದ್ದನ್ನು ಆಮೇಲೆ ಬರೆಯಿರಿ.

ತೊಂದರೆ ಬಿಡಿಸುವವರು ಮಕ್ಕಳೇ ಆಗಿರಲಿ. ಅಜ್ಜ ಬಂದು ಎಲ್ಲ ಸರಿಮಾಡಿದರೆ ಅದು ಅಜ್ಜನ ಕಥೆ.

ಇನ್ನು ಅಕ್ಷರದ ವಿಷಯ. ದೊಡ್ಡವರು ಇದನ್ನು ಯೋಚಿಸುವುದೇ ಕಮ್ಮಿ. ಬೆಕ್ಕು, ಅಜ್ಜಿ, ಹಳ್ಳ ಇವೆಲ್ಲ ಸಲೀಸು, ಅಕ್ಷರಕ್ಕೆ ಅದರದೇ ಒತ್ತು. 'ಸೂರ್ಯ' ಬಂತೋ, ತಡವರಿಕೆ ಶುರು. ಬಾಯಲ್ಲಿ ಮೊದಲು ಬರುವ 'ರ್' ಕಾಗದದ ಮೇಲೆ ಅರ್ಕಾವತ್ತಾಗಿ ಕೊನೆಗೆ ಕೂತಿರುತ್ತದೆ, ಪಾಪ ಮಗು ಏನು ಮಾಡಬೇಕು? 'ರಾಷ್ಟ್ರ' ಬಂದರಂತೂ ಬೆರಳು ನಿಂತೇಬಿಡುತ್ತದೆ. ಹಾಗಂತ ಒತ್ತಕ್ಷರವೇ ಇಲ್ಲದೆ ಬರೆಯಲು ಹೋಗಬೇಡಿ. ಅಮ್ಮ, ಅಪ್ಪ ಇಬ್ಬರನ್ನೂ ಕಥೆಯಿಂದ ಓಡಿಸಬೇಕಾಗುತ್ತದೆ. ಒಂದು ಸಾಲಿಗೆ ಒಂದು ಕಷ್ಟದ ಪದ ಸಾಕು. ಅದೇ ಪದ ಮುಂದೆ ಇನ್ನೆರಡು ಕಡೆ ಬರಲಿ, ಆಗ ಅದು ಅವರದಾಗುತ್ತದೆ. 'ಹೋದನು, ಬಂದನು' ಬೇಡ. 'ಹೋದ, ಬಂದ' ಸಾಕು.

ಪಿನ್ ಹೊಡೆದ ಪುಸ್ತಕದಲ್ಲಿ ಪುಟಗಳು ನಾಲ್ಕರ ಲೆಕ್ಕದಲ್ಲೇ ಬರಬೇಕು. 16 ಪುಟದ್ದಾದರೆ ಶೀರ್ಷಿಕೆ, ಪ್ರಕಾಶಕರ ವಿವರ ಎಲ್ಲ ಕಳೆದು ಕಥೆಗೆ 12-13 ಪುಟ ಸಿಗಬಹುದು. ನಾಲ್ಕು ಎ4 ಹಾಳೆ ಮಡಚಿ, ನಡುವೆ ಪಿನ್ ಹೊಡೆದು ಡಮ್ಮಿ, ಅಂದರೆ ಮಾದರಿ ಪುಸ್ತಕ, ಮಾಡಿಕೊಳ್ಳಿ. "ಬಾಗಿಲು ತೆಗೆದರೆ..." ಅನ್ನುವ ಸಾಲು ಬಲಗಡೆ ಪುಟದ ಕೊನೆಗೆ ಬರಲಿ. ಬಾಗಿಲ ಹಿಂದೆ ಇರುವುದು ಹಾಳೆ ತಿರುಗಿಸಿದ ಮೇಲೇ ಕಾಣಬೇಕು. ಲಂಗದ ಬಣ್ಣ, ಜಡೆಯ ಉದ್ದ ಎಲ್ಲ ಚಿತ್ರ ಬರೆಯುವವರಿಗೆ ಬಿಡಿ.

ಆಮೇಲೆ ಮಕ್ಕಳ ಮುಂದೆ ಕೂತು ಓದಿ. "ಚೆನ್ನಾಗಿತ್ತಾ?" ಎಂದು ಮಾತ್ರ ಕೇಳಬೇಡಿ. "ಹೂಂ ಟೀಚರ್" ಎಂದು ಸುಮ್ನೆ ಹೇಳಿಬಿಡುತ್ತಾರೆ, ಒಳ್ಳೆಯವರು. ಕಣ್ಣು ಕಿಟಕಿ ಕಡೆ ಹೋದ ಪುಟಕ್ಕೆ ಗುರುತು ಹಾಕಿ. ಮಾರನೇ ದಿನ ಕಥೆಯನ್ನು ಅವರಿಂದಲೇ ಹೇಳಿಸಿ. ಅವರೆಲ್ಲ ಬಿಟ್ಟುಬಿಟ್ಟ ಭಾಗವನ್ನು ನೀವೂ ಬಿಡಬಹುದು. "ನಾಯಿ ಎಲ್ಲಿ ಹೋಯ್ತು ಟೀಚರ್?" ಎಂದು ಯಾರಾದರೂ ಕೇಳಿದರೆ ಮೂರನೇ ಪುಟಕ್ಕೆ ವಾಪಸ್ ಹೋಗಿ, ನಾಯಿಯನ್ನು ಕರೆದುಕೊಂಡು ಬನ್ನಿ.